ಬಿರುಬಿಸಿಲಿನ ಪಯಣಕ್ಕೆ ತೊಗಲಿನ ಚಪ್ಪಲಿ

ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವ ವಿಜಯಪುರ ಜಿಲ್ಲೆಯ ಇಂಗಳೇಶ್ವರದಂತಹ ಊರುಗಳಿಂದ ಪಯಣ ಹೊರಡುವವರಿಗೆ ಒಗ್ಗುವ ಪಾದರಕ್ಷೆ ಕೊಲ್ಹಾಪುರಿ ಚಪ್ಪಲಿಯೆಂದು ಪ್ರಸಿದ್ಧವಾಗಿದ್ದರೂ, ಅದು ಕೊಲ್ಹಾಪುರವೊಂದರದೇ ಸ್ವತ್ತಲ್ಲ. 2019ರಲ್ಲಿ ದೊರೆತ ಭೌಗೋಳಿಕ ಸೂಚಿಕೆಯು, ಎಂದರೆ ಸರಕಿನ ಹೆಸರನ್ನು ಅದರ ಮೂಲ ಪ್ರದೇಶದ ತಯಾರಕರಿಗೆ ಮೀಸಲಿಡುವ ಕಾನೂನಿನ ಮನ್ನಣೆಯು, ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಂದಿಗೆ ಬೆಳಗಾವಿ, ಧಾರವಾಡ, ಬಾಗಲಕೋಟೆ ಮತ್ತು ವಿಜಯಪುರಗಳನ್ನೂ ಒಳಗೊಂಡಿದೆ. ಆದರೂ ಬೆಳಗಾವಿ ಜಿಲ್ಲೆಯ ಅಥಣಿ, ನಿಪ್ಪಾಣಿಗಳ ಕುಶಲಕರ್ಮಿಗಳಿಗೆ ಸಲ್ಲಬೇಕಾದ ಹೆಸರು ಇನ್ನೂ ಪೂರ್ತಿ ಸಂದಿಲ್ಲ.

ಈ ಚಪ್ಪಲಿಯ ಬಾಳಿಕೆಯ ಗುಟ್ಟು ಹದಗಾರಿಕೆಯಲ್ಲಿದೆ. ಹಸಿ ತೊಗಲನ್ನು ಕೊಳೆಯದಂತೆ ಮಾಗಿಸುವ ಈ ಕ್ರಿಯೆಯಲ್ಲಿ ಜಾಲಿಯ ತೊಗಟೆ ಮತ್ತು ಅಳಲೆಕಾಯಿಗಳ ಒಗರು ಸತ್ವವು ತೊಗಲಿನ ನಾರುಗಳೊಂದಿಗೆ ಬೆಸೆದುಕೊಂಡು ಅದನ್ನು ಗಟ್ಟಿಗೊಳಿಸುತ್ತದೆಯಾದರೂ ಅದರ ಸೂಕ್ಷ್ಮ ರಂಧ್ರಗಳನ್ನು ಮುಚ್ಚುವುದಿಲ್ಲವಾದ್ದರಿಂದ, ಅಂಗಾಲಿನ ಬೆವರು ರಬ್ಬರಿನ ಮೇಲೆ ನಿಲ್ಲುವಂತೆ ಇಲ್ಲಿ ನಿಲ್ಲದೆ ಹೀರಲ್ಪಡುತ್ತದೆ. ಅಟ್ಟೆಯ ಪದರಗಳನ್ನು ಮೊಳೆಯಿಲ್ಲದೆ ತೊಗಲಿನ ದಾರದಿಂದಲೇ ಹೊಲಿಯುವುದು ಸಾಂಪ್ರದಾಯಿಕ ಕ್ರಮ.

ನಡೆದು ದಣಿದ ಪಾದ ಸಂಜೆಗೆ ತುಸು ಊದಿಕೊಳ್ಳುವುದರಿಂದ ಅಳತೆಯನ್ನು ಆ ಹೊತ್ತಿನಲ್ಲಿ ನೋಡುವುದು ಲೇಸು. ಹೊಸ ಜೋಡು ಕಾಲು ಕಚ್ಚುವುದು ಸಹಜವಾದ್ದರಿಂದ, ಎಣ್ಣೆ ಸವರಿ ಕೆಲವು ದಿನ ಮನೆಯಲ್ಲೇ ಮೆಟ್ಟಿ ಪಳಗಿಸದೆ ಪ್ರಯಾಣಕ್ಕೆ ಒಯ್ಯುವುದು ಅವಿವೇಕ. ಮಳೆಗಾಲದ ಎರೆಮಣ್ಣಿನ ಕೆಸರಿಗೆ ಮಾತ್ರ ಇದು ಸಲ್ಲದು. ನೆನೆದರೆ ಬಿಸಿಲಿಗಿಡದೆ ನೆರಳಿನಲ್ಲಿ ಆರಿಸಬೇಕು.