ಚೂರು ಜೋಡಿಸಿದ ಚೆಲುವು: ರವೆನ್ನದಿಂದ ಬೀದರಿಗೆ

ಬೆಂಗಳೂರಿನ ವಸಂತಪುರದಲ್ಲಿ ವಸಂತವಲ್ಲಭರಾಯನ ಗುಡಿಯಿರುವ ಗುಡ್ಡದ ಸುತ್ತ ಎದ್ದಿರುವ ಮನೆಗಳ ತಾರಸಿಯನ್ನು ಹತ್ತಿ ನೋಡಿದವರಿಗೆ, ಒಡೆದ ಬಿಳಿಯ ಬಿಲ್ಲೆಗಳನ್ನು ಗಾರೆಯಲ್ಲಿ ಒತ್ತಿ, ಸಂದುಗಳಿಗೆ ಬಿಳಿ ಸಿಮೆಂಟು ತುಂಬಿ, ಬಿಸಿಲನ್ನೂ ಮಳೆಯನ್ನೂ ತಡೆಯಲೆಂದು ಹಾಸಿದ ನೆಲವು ಅಲ್ಲಲ್ಲಿ ಕಾಣಸಿಗುತ್ತದೆ. ಮೇಸ್ತ್ರಿಯು ಚೂರೊಂದನ್ನೆತ್ತಿ, ಅದರ ಅಂಚನ್ನು ಪಕ್ಕದ ಚೂರಿನ ಅಂಚಿಗೆ ಹಿಡಿದು ನೋಡಿ, ಹೊಂದದಿದ್ದರೆ ಸುತ್ತಿಗೆಯಿಂದ ಮೆಲ್ಲನೆ ತಟ್ಟಿ, ಮತ್ತೆ ಕೂರಿಸುತ್ತಾನೆ. ಜನರು ಇದನ್ನು ‘ಮೊಸಾಯಿಕ್’ ಎಂದೇ ಕರೆಯುತ್ತಾರೆ. ನಮ್ಮ ಪ್ರಾಚೀನರಿಗೂ ಇಂಥದೊಂದು ಕಲ್ಪನೆ ಅಪರಿಚಿತವಾಗಿರಲಿಲ್ಲವೆಂಬುದಕ್ಕೆ ರತ್ನಗಳನ್ನು ಕೂರಿಸಿದ ನೆಲವೆಂಬ ಅರ್ಥದ ‘ಮಣಿಕುಟ್ಟಿಮ’ ಶಬ್ದವೇ ಸಾಕ್ಷಿಯಾಗಿದೆ.

ಈ ಕಲೆಯು ಪರಮೋತ್ಕರ್ಷಕ್ಕೇರಿದ ಕಾಲಗಳಲ್ಲೊಂದು, ರೋಮನ್ ಸಾಮ್ರಾಜ್ಯದ ಹಳೆಯ ವ್ಯವಸ್ಥೆ ಕರಗಿ ಕ್ರೈಸ್ತ ಮತವು ಬೇರೂರುತ್ತಿದ್ದ ಸಂಧಿಕಾಲ. ನೆಲದ ಮೇಲೆ ಬಣ್ಣದ ಕಲ್ಲುಗಳಿಂದ ಚಿತ್ರ ಬಿಡಿಸುತ್ತಿದ್ದ ರೋಮನ್ ಕುಶಲಕರ್ಮಿಗಳ ಕೌಶಲವು ಗೋಡೆಗೂ ಗುಮ್ಮಟಕ್ಕೂ ಏರಿ, ಕಲ್ಲಿನ ಜೊತೆಗೆ ಗಾಜನ್ನೂ ಧಾರಾಳವಾಗಿ ಬಳಸತೊಡಗಿತು. ಇಟಲಿಯ ರವೆನ್ನ ನಗರದಲ್ಲಿ 547ರಲ್ಲಿ ಪ್ರತಿಷ್ಠಾಪಿತವಾದ ಸಾನ್ ವಿಟಾಲೆ ದೇವಾಲಯದಲ್ಲಿ ಸಾಮ್ರಾಟ ಜಸ್ಟಿನಿಯನ್ನನೂ ಸಾಮ್ರಾಜ್ಞಿ ಥಿಯೊಡೊರೆಯೂ ಇಂದಿಗೂ ಹೊಳೆಯುತ್ತ ನಿಂತಿರುವುದು ಈ ಗಾಜಿನ ಚೂರುಗಳಿಂದಲೇ. ತೆಳುವಾದ ಚಿನ್ನದ ತಗಡನ್ನು ಗಾಜಿನ ಎರಡು ಪದರಗಳ ನಡುವೆ ಸೇರಿಸಿ ಬೆಂಕಿಯಲ್ಲಿ ಬೆಸೆದು, ಸಣ್ಣ ಚೌಕಗಳಾಗಿ ಕತ್ತರಿಸಿ, ಹಸಿ ಗಾರೆಯಲ್ಲಿ ಒಂದನ್ನು ಒಂದು ಕೋನಕ್ಕೂ ಮತ್ತೊಂದನ್ನು ಬೇರೆ ಕೋನಕ್ಕೂ ಓರೆಯಾಗಿ ಕೂರಿಸಿದ್ದರಿಂದ, ದೀಪವು ಅಲುಗಿದಾಗಲೆಲ್ಲ ಗೋಡೆಯೇ ಉಸಿರಾಡಿದಂತೆ ತೋರುತ್ತದೆ.

ರಾಜ್ಯಗಳ ಗಡಿಯಾಗಲಿ, ಮತಗಳ ಭೇದವಾಗಲಿ ಈ ಕೌಶಲವನ್ನು ತಡೆಯಲಾರದೆ ಹೋದವು. ಜೆರೂಸಲೇಮಿನ ಬಂಡೆಯ ಗುಮ್ಮಟದಲ್ಲಿ 691ರ ವೇಳೆಗೂ, 8ನೆಯ ಶತಮಾನದ ಆದಿಯಲ್ಲಿ ಡಮಾಸ್ಕಸ್ಸಿನ ಮಹಾಮಸೀದಿಯಲ್ಲಿಯೂ ಅದೇ ಗಾಜಿನ ಚೂರುಗಳು ಹೊಸ ಧರ್ಮದ ಸೇವೆಗೆ ಒದಗಿದುವು. ಆದರೆ ಅಲ್ಲಿ ಸಾಮ್ರಾಟನ ಮುಖವಿಲ್ಲ, ಸಂತನ ರೂಪವಿಲ್ಲ. ಡಮಾಸ್ಕಸ್ಸಿನಲ್ಲಿ ಮರಗಳು, ನದಿ, ಪ್ರಾಸಾದಗಳಿವೆ. ಕೈಗುಣ ಅದೇ ಉಳಿಯಿತು, ಹೇಳುವ ಮಾತು ಬದಲಾಯಿತು. ಮುಂದೆ ಇರಾನ್, ಮಧ್ಯ ಏಷ್ಯಗಳಲ್ಲಿ ಮೆರುಗು ಹಚ್ಚಿ ಸುಟ್ಟ ಬಣ್ಣದ ಹಂಚುಗಳನ್ನು ಉಳಿಯಿಂದ ಕತ್ತರಿಸಿ, ಬಳ್ಳಿಯಾಗಿ, ನಕ್ಷತ್ರವಾಗಿ, ಅಕ್ಷರವಾಗಿ ಹೊಂದಿಸುವ ಕ್ರಮ ಬೆಳೆಯಿತು. ಇದು ಹಳೆಯದರ ನೇರ ಸಂತಾನವಲ್ಲದಿದ್ದರೂ, ಚೂರುಗಳಿಂದ ಅಖಂಡವನ್ನು ಕಟ್ಟುವ ಅದೇ ಮನೋಧರ್ಮದ ಫಲ.

ಆ ಹಂಚಿನ ಕಲೆ ಕನ್ನಡ ನಾಡಿಗೆ ಬಂದು ನಿಂತ ತಾಣ ಬೀದರ್. ಇರಾನಿನ ಗಿಲಾನ್ ಪ್ರಾಂತದಿಂದ ಬಂದು ಬಹಮನಿ ರಾಜ್ಯದ ಮಂತ್ರಿಯಾದ ಮಹಮೂದ್ ಗವಾನನು 1472ರಲ್ಲಿ ಕಟ್ಟಿಸಿದ ಮದರಸವು ಮೂರು ಅಂತಸ್ತಿನ ವಿದ್ಯಾಲಯ. ಅದರ ಮುಖಭಾಗವನ್ನು ಬಣ್ಣಬಣ್ಣದ ಹಂಚುಗಳಿಂದ ಹೊದಿಸಿದ್ದರು. ಉಳಿದಿರುವ ಒಂದೇ ಮಿನಾರಿನ ಮೇಲೆ ಅಂಕುಡೊಂಕಾಗಿ ಏರುವ ಪಟ್ಟಿಗಳನ್ನು ಇಂದಿಗೂ ಕಾಣಬಹುದು. 17ನೆಯ ಶತಮಾನದ ಕೊನೆಯಲ್ಲಿ ಮದ್ದಿನ ಸ್ಫೋಟವೊಂದು ಕಟ್ಟಡದ ಒಂದು ಭಾಗವನ್ನು ಕೆಡವಿತು. ಉಳಿದ ಗೋಡೆಯಿಂದಲೂ ಹಂಚುಗಳು ಮಳೆಗಾಳಿಗೆ ಸಿಕ್ಕಿ ಉದುರಿವೆ.

ಆದರೆ ಚೂರು ಹುದುಗಿಸುವ ವಿದ್ಯೆಯು ಬೀದರಿನಲ್ಲಿ ಅಲ್ಲಿಗೇ ನಿಲ್ಲಲಿಲ್ಲ. ಅಲ್ಲಿನ ಅರಸ ಅಲಿ ಬರೀದನು (1542–1580) ಕೋಟೆಯೊಳಗಿನ ರಂಗೀನ್ ಮಹಲನ್ನು ಅಲಂಕರಿಸಿದಾಗ, ಕರಿಕಲ್ಲಿನಲ್ಲಿ ತೋಡಿದ ಗೆರೆಗಳೊಳಗೆ ಮುತ್ತಿನ ಚಿಪ್ಪಿನ ಚೂರುಗಳು ಬಂದು ಕುಳಿತುವು. ಪರ್ಷಿಯದಿಂದ ಬಂದಿತೆಂದು ಕುಶಲಕರ್ಮಿಗಳ ಪರಂಪರೆ ನೆನೆಯುವ ಬೀದರಿನ ‘ಬಿದ್ರಿ’ ಎಂಬ ಕುಸುರಿ ಕಲೆಯಲ್ಲಿ ಕಲ್ಲಿನ ಸ್ಥಾನವನ್ನು ಲೋಹವು ವಹಿಸಿಕೊಂಡಿದೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಹೂಜಿಯ ಮೈಮೇಲೆ ಉಳಿಯಿಂದ ಸಣ್ಣ ಸಾಲು ತೋಡಿ, ಕೂದಲಿನಷ್ಟು ತೆಳ್ಳನೆಯ ಬೆಳ್ಳಿಯ ತಂತಿಯನ್ನು ಅದರೊಳಗೆ ಬಡಿದು ಕೂರಿಸುತ್ತಾರೆ. ಕಡೆಗೆ ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಕಾಯಿಸಿದ ನೀರಲ್ಲಿ ಅದ್ದಿದಾಗ, ಲೋಹದ ಮೈಯೆಲ್ಲ ಕಪ್ಪಾಗಿ, ಬೆಳ್ಳಿ ಮಾತ್ರ ಕಾರ್ತಿಕದ ನಕ್ಷತ್ರಗಳಂತೆ ಬೆಳಗಿ ನಿಲ್ಲುತ್ತದೆ.

ಪರ್ಷಿಯದ ಹಂಚು ಮದರಸದ ಗೋಡೆಯಿಂದ ಉದುರಿತು. ಕೋಟೆಯ ಮಣ್ಣಿಗೆ ಒಲಿದ ಬಿದ್ರಿ ಉಳಿಯಿತು. ದೂರದಿಂದ ಬಂದ ಕಲೆಯು ಸ್ಥಳದ ಮಣ್ಣಿನೊಡನೆ ನಂಟು ಬೆಳೆಸಿದಾಗಲೇ ಆ ಸ್ಥಳದ್ದಾಗುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಡ. 2023ರಲ್ಲಿ ಬೀದರಿನ ಬಿದ್ರಿ ಕುಶಲಕರ್ಮಿ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಸಂದಿತು. ಓದುಗರು ಬೀದರಿಗೆ ಹೋದಾಗ ಮದರಸವನ್ನು ನೋಡಿ ಹಿಂದಿರುಗದೆ, ಬಿದ್ರಿ ಕೆಲಸ ನಡೆಯುವಲ್ಲಿಯೂ ಅರೆಗಳಿಗೆ ನಿಂತು, ಉಳಿಯ ಸದ್ದನ್ನು ಕೇಳಿ, ಕೈಲಾದರೆ ಒಂದು ಪುಟ್ಟ ಬಟ್ಟಲನ್ನು ಕೊಂಡು ಬರಲಿ. ಆ ಕೈಗಳಿಗೆ ಕೆಲಸವಿರುವಷ್ಟು ಕಾಲವೂ ಈ ಪರಂಪರೆಗೆ ಅಳಿವಿಲ್ಲ.