ಎರಡು ಎಂಜಿನ್, ಒಂದೇ ಸಾಮರ್ಥ್ಯ: ಒಂದು ಪ್ರಶ್ನೆಯಿಂದ ನಾನು ಕಲಿತ ಹೋಲಿಕೆಯ ಪಾಠ

ಬೋಧನಾಭ್ಯಾಸದ ಎರಡನೇ ವಾರ. ಒಂಬತ್ತನೇ ತರಗತಿಗೆ 'ಕೆಲಸ ಮತ್ತು ಶಕ್ತಿ' ಘಟಕದಲ್ಲಿ ಸಾಮರ್ಥ್ಯದ ಪಾಠ ಮಾಡುತ್ತಿದ್ದೆ. ಪಾಠಯೋಜನೆಯಲ್ಲಿ 'ಎಂಜಿನ್ ದೊಡ್ಡದಾದಷ್ಟೂ ಸಾಮರ್ಥ್ಯ ಹೆಚ್ಚು' ಎಂದು ಬರೆದುಕೊಂಡಿದ್ದೆ, ತರಗತಿಯಲ್ಲೂ ಹಾಗೆಯೇ ಹೇಳಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಮಿಸ್, ಮೊಬೈಲ್ ರೇಸ್ ಆಟದಲ್ಲಿ ಸುಬಾರು ಕಾರು ಎರಡು ಥರ ಇದೆ. ಎರಡು ಲೀಟರ್ ಎಂಜಿನ್ನಿಗೆ 308 ಅಂತ ಇದೆ, ಎರಡೂವರೆ ಲೀಟರಿನದಕ್ಕೆ 305. ಅದು ಹೇಗೆ?" ಎಂದು ಕೇಳಿದ. "ಆಟದಲ್ಲಿ ಏನೋ ತಪ್ಪಾಗಿರುತ್ತೆ, ಕೂತ್ಕೋ" ಎಂದೆ. ತರಗತಿ ನಕ್ಕಿತು. ಅವನು ಮತ್ತೆ ಕೈ ಎತ್ತಲಿಲ್ಲ.

ವೀಕ್ಷಣಾ ಪುಸ್ತಕದಲ್ಲಿ ಮಾರ್ಗದರ್ಶಕರು ಬರೆದದ್ದು ಒಂದೇ ಸಾಲು: 'ವಿದ್ಯಾರ್ಥಿಯ ಪ್ರಶ್ನೆಯನ್ನು ಪರಿಶೀಲಿಸದೆ ಉತ್ತರಿಸಲಾಗಿದೆ.' ಅಂದು ಸಂಜೆ ಪರಿಶೀಲಿಸಿದೆ. ಹುಡುಗ ಹೇಳಿದ ಅಂಕಿಗಳು ಸರಿಯಾಗಿದ್ದವು. ತಪ್ಪು ನನ್ನ ಪಾಠಯೋಜನೆಯದು.

ಎಂಜಿನ್‌ಗಳ ಪರಿಚಯ

ಜಪಾನಿನ ಸುಬಾರು ಕಂಪನಿಯ ಇಂಪ್ರೆಜಾ ಡಬ್ಲ್ಯುಆರ್‌ಎಕ್ಸ್ ಎಸ್‌ಟಿಐ ವೇಗದ ಕಾರು. 2007ರಲ್ಲಿ ಬಂದ ಅದರ ಮಾದರಿಯನ್ನು ಜಪಾನಿನಲ್ಲಿ ಇಜೆ207 ಎಂಬ ಎರಡು ಲೀಟರ್ ಎಂಜಿನ್ನಿನೊಡನೆ ಮಾರಿದರು. ಅಮೆರಿಕದಲ್ಲಿ ಅದೇ ಕಾರಿಗೆ ಇಜೆ257 ಎಂಬ ಎರಡೂವರೆ ಲೀಟರ್ ಎಂಜಿನ್ ಇತ್ತು. ಎರಡೂ 1989ರಲ್ಲಿ ಆರಂಭವಾದ ಇಜೆ ಕುಟುಂಬದವು. ಎರಡರಲ್ಲೂ ನಾಲ್ಕು ಸಿಲಿಂಡರ್‌ಗಳು ಎಡಕ್ಕೆರಡು, ಬಲಕ್ಕೆರಡು ಮಲಗಿರುತ್ತವೆ. ಎರಡಕ್ಕೂ ಒಂದೊಂದು ಟರ್ಬೋ ಇದೆ.

| ಅಂಶ | ಇಜೆ207 | ಇಜೆ257 |
|---|---|---|
| ಸಿಲಿಂಡರಿನ ವ್ಯಾಸ | 92 ಮಿ.ಮೀ. | 99.5 ಮಿ.ಮೀ. |
| ಪಿಸ್ಟನ್ ಚಲಿಸುವ ದೂರ | 75 ಮಿ.ಮೀ. | 79 ಮಿ.ಮೀ. |
| ಗರಿಷ್ಠ ಸಾಮರ್ಥ್ಯ | 308 ಪಿಎಸ್ | 305 ಎಚ್‌ಪಿ |
| ಆಗ ನಿಮಿಷಕ್ಕೆ ಸುತ್ತು | 6400 | 6000 |

ಮೊದಲ ಹೆಜ್ಜೆ: ಏಕಮಾನ

308 ಮತ್ತು 305 ಒಂದೇ ಏಕಮಾನದ ಸಂಖ್ಯೆಗಳಲ್ಲ. ಪಿಎಸ್ ಎಂದರೆ ಮೆಟ್ರಿಕ್ ಅಶ್ವಸಾಮರ್ಥ್ಯ, ಸುಮಾರು 735.5 ವ್ಯಾಟ್. ಅಮೆರಿಕದ ಎಚ್‌ಪಿ ಸುಮಾರು 746 ವ್ಯಾಟ್. ಗುಣಿಸಿ ನೋಡಿದರೆ ಎರಡೂ ಸುಮಾರು 227 ಕಿಲೋವ್ಯಾಟ್. ಅಲ್ಲಿಗೆ ಮೂರರ ವ್ಯತ್ಯಾಸ ಹೋಯಿತು. ಆದರೆ ಹುಡುಗನ ಪ್ರಶ್ನೆ ಹೋಗಲಿಲ್ಲ: ಸಣ್ಣ ಎಂಜಿನ್ ದೊಡ್ಡದಕ್ಕೆ ಸರಿಸಮ ಹೇಗಾಯಿತು?

ಎರಡನೇ ಹೆಜ್ಜೆ: ಗಾತ್ರ

ಸಿಲಿಂಡರಿನ ಘನಫಲದ ಸೂತ್ರ πr²h ಇಲ್ಲಿ ಕೆಲಸಕ್ಕೆ ಬರುತ್ತದೆ. ವ್ಯಾಸದ ಅರ್ಧ r, ಪಿಸ್ಟನ್ ಚಲಿಸುವ ದೂರ h. ಬಂದದ್ದನ್ನು ನಾಲ್ಕರಿಂದ ಗುಣಿಸಿದರೆ ಮೊದಲನೆಯದು 1994 ಘನ ಸೆಂ.ಮೀ., ಎರಡನೆಯದು 2457 ಘನ ಸೆಂ.ಮೀ. 'ಎರಡು ಲೀಟರ್', 'ಎರಡೂವರೆ ಲೀಟರ್' ಎಂಬ ಮಾತು ಎಲ್ಲಿಂದ ಬರುತ್ತದೆಂದು ಮಕ್ಕಳೇ ಲೆಕ್ಕ ಹಾಕಿ ಕಂಡುಕೊಳ್ಳಬಹುದು.

ಮೂರನೇ ಹೆಜ್ಜೆ: ಒಂದು ಸುತ್ತಿನ ಕೆಲಸ

ಸಾಮರ್ಥ್ಯವೆಂದರೆ ಒಂದು ಸೆಕೆಂಡಿನಲ್ಲಿ ಆದ ಕೆಲಸ. ಎಂಜಿನ್ನಿಗೆ ಇದನ್ನು ಹೀಗೆ ಬಿಡಿಸಬಹುದು: ಒಂದು ಸುತ್ತಿನಲ್ಲಿ ಆದ ಕೆಲಸ × ಸೆಕೆಂಡಿಗೆ ಎಷ್ಟು ಸುತ್ತು. ದೊಡ್ಡ ಎಂಜಿನ್ ಸೆಕೆಂಡಿಗೆ 100 ಸುತ್ತು ತಿರುಗುವಾಗ ಸುತ್ತಿಗೆ 2270 ಜೂಲ್ ಕೆಲಸ ಮಾಡುತ್ತದೆ. ಸಣ್ಣದು ಸೆಕೆಂಡಿಗೆ ಸುಮಾರು 106.7 ಸುತ್ತು ತಿರುಗುತ್ತ ಸುತ್ತಿಗೆ ಸುಮಾರು 2130 ಜೂಲ್ ಕೆಲಸ ಮಾಡುತ್ತದೆ. ಗುಣಲಬ್ಧ ಒಂದೇ. ದೊಡ್ಡ ಹೆಜ್ಜೆ ಇಡುವ ಅಪ್ಪನ ಜೊತೆ ಮಗು ಬೇಗಬೇಗ ಹೆಜ್ಜೆ ಹಾಕಿ ಸಮನಾಗಿ ನಡೆದ ಹಾಗೆ.

ಆದರೆ ಇಷ್ಟರಿಂದಲೇ ಉತ್ತರ ಮುಗಿಯುವುದಿಲ್ಲ. ಸುತ್ತು ಹೆಚ್ಚಿರುವುದು ಶೇ. 7ರಷ್ಟು ಮಾತ್ರ; ಗಾತ್ರ ಕಡಿಮೆ ಇರುವುದು ಸುಮಾರು ಶೇ. 19. ಉಳಿದದ್ದನ್ನು ಗಾಳಿ ತುಂಬಿಕೊಡಬೇಕು.

ನಾಲ್ಕನೇ ಹೆಜ್ಜೆ: ಗಾಳಿ

ಎಂಜಿನ್ ಎಷ್ಟು ಪೆಟ್ರೋಲ್ ಉರಿಸಬಲ್ಲದು ಎಂಬುದು ಒಳಗೆ ಬಂದ ಗಾಳಿಯ ರಾಶಿಯನ್ನು ಅವಲಂಬಿಸಿದೆ. ಟರ್ಬೋ ಹೊರಹೋಗುವ ಬಿಸಿ ಹೊಗೆಯಿಂದ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಒಳಗೆ ಕಳಿಸುತ್ತದೆ. ಒತ್ತಿದ ಗಾಳಿ ಬಿಸಿಯಾಗುವುದರಿಂದ ನಡುವೆ ಇಂಟರ್‌ಕೂಲರ್ ಅದನ್ನು ತಣಿಸುತ್ತದೆ. ಗಾತ್ರ ಅಷ್ಟೇ, ಸಾಂದ್ರತೆ ಹೆಚ್ಚು, ಹಾಗಾಗಿ ರಾಶಿಯೂ ಹೆಚ್ಚು.

ಇವು ಎರಡು ಸುತ್ತಿಗೊಮ್ಮೆ ಸಿಲಿಂಡರ್ ತುಂಬಿಕೊಳ್ಳುವ ಎಂಜಿನ್‌ಗಳು. ಹಾಗಾಗಿ ಗರಿಷ್ಠ ಸಾಮರ್ಥ್ಯದಲ್ಲಿ ಸೆಕೆಂಡಿಗೆ ಸಣ್ಣದರ ಪಾಲು ಸುಮಾರು 106 ಲೀಟರ್, ದೊಡ್ಡದರದು ಸುಮಾರು 123 ಲೀಟರ್. ಉಳಿದುದೆಲ್ಲ ಸಮವೆಂದು ಇಟ್ಟುಕೊಂಡರೆ, ಸಣ್ಣ ಎಂಜಿನ್ನಿನೊಳಗಿನ ಗಾಳಿ ಶೇ. 15ರಷ್ಟು ಹೆಚ್ಚು ಸಾಂದ್ರವಾಗಿರಬೇಕು. ಹುಡುಗನ ಪ್ರಶ್ನೆಗೆ ಉತ್ತರ ಇದು.

ಇಲ್ಲೊಂದು ಎಚ್ಚರಿಕೆ

'ಉಳಿದುದೆಲ್ಲ ಸಮ' ಎಂದು ನಾನು ಇಟ್ಟುಕೊಂಡೆ, ವಾಸ್ತವದಲ್ಲಿ ಸಮವಿಲ್ಲ. ಜಪಾನಿನ ಎಂಜಿನ್ನಿನದು ಟ್ವಿನ್ ಸ್ಕ್ರೋಲ್ ಟರ್ಬೋ. ಎರಡೆರಡು ಸಿಲಿಂಡರ್‌ಗಳ ಹೊಗೆ ಬೇರೆಬೇರೆ ದಾರಿಯಲ್ಲಿ ಬಂದು ಚಕ್ರಕ್ಕೆ ಬಡಿಯುತ್ತದೆ, ಒಂದರ ಹೊಗೆ ಇನ್ನೊಂದಕ್ಕೆ ಅಡ್ಡಬರುವುದಿಲ್ಲ. ಅಮೆರಿಕದ್ದಕ್ಕೆ ಒಂದೇ ದಾರಿ. ಪೆಟ್ರೋಲೂ ಬೇರೆ. ಆಕ್ಟೇನ್ ಹೆಚ್ಚಿದ್ದರೆ ಒತ್ತಿದ ಮಿಶ್ರಣ ಅಕಾಲದಲ್ಲಿ ಹೊತ್ತಿಕೊಳ್ಳುವುದಿಲ್ಲ, ಇನ್ನಷ್ಟು ಒತ್ತಬಹುದು. ಆದರೆ ಜಪಾನಿನ ಆಕ್ಟೇನ್ ಸಂಖ್ಯೆಯನ್ನೂ ಅಮೆರಿಕದ ಪಂಪಿನ ಮೇಲಿನ ಸಂಖ್ಯೆಯನ್ನೂ ಅಳೆಯುವ ಕ್ರಮಗಳು ಬೇರೆ, ಅವನ್ನೂ ನೇರವಾಗಿ ಹೋಲಿಸಬಾರದು. ಒಂದೇ ಕುಟುಂಬದ ಎರಡು ಎಂಜಿನ್‌ಗಳು ನೋಡಲು ಒಂದು ಪ್ರಯೋಗದಂತೆ ಕಾಣುತ್ತವೆ. ಪ್ರಯೋಗದಲ್ಲಿ ಒಂದು ಚರ ಬದಲಾಗಬೇಕು. ಇಲ್ಲಿ ಕಡೆಯಪಕ್ಷ ಮೂರು ಬದಲಾಗಿವೆ. ಆದ್ದರಿಂದ 'ಗಾತ್ರದಿಂದಲೇ ಹೀಗಾಯಿತು' ಎಂದಾಗಲಿ, 'ಟರ್ಬೋದಿಂದಲೇ' ಎಂದಾಗಲಿ ಈ ಕೋಷ್ಟಕದಿಂದ ಹೇಳಲಾಗದು. 'ಯಾವುದು ಒಳ್ಳೆಯದು?' ಎಂಬುದಕ್ಕಂತೂ ಇದರಲ್ಲಿ ಉತ್ತರವೇ ಇಲ್ಲ.

ಮತ್ತೆ ತರಗತಿಗೆ

ಮುಂದಿನ ಅವಧಿಯಲ್ಲಿ ಮೊದಲಿಗೆ, "ನಿನ್ನೆ ಇವನು ಕೇಳಿದ್ದು ಸರಿಯಾಗಿತ್ತು, ನಾನು ಹೇಳಿದ್ದು ತಪ್ಪು" ಎಂದೆ. ಯಾರೂ ನಗಲಿಲ್ಲ. ಕಪ್ಪುಹಲಗೆಯ ಮೇಲೆ ಕೋಷ್ಟಕ ಬರೆದು, ಗುಂಪುಗಳಿಗೆ ಒಂದೊಂದು ಹೆಜ್ಜೆಯ ಲೆಕ್ಕ ಕೊಟ್ಟೆ. ಪಕ್ಕದಲ್ಲಿ 'ಯಾವುದು ಸಮ?', 'ಯಾವುದು ಬೇರೆ?' ಎಂಬ ಎರಡು ಅಂಕಣ ಎಳೆದು ಮಕ್ಕಳಿಂದಲೇ ತುಂಬಿಸಿದೆ. ಹಿಂದಿನ ಬೆಂಚಿನ ಹುಡುಗ ಕೊನೆಗೆ ಕೈ ಎತ್ತಿ, "ಮಿಸ್, ಎರಡಕ್ಕೂ ಒಂದೇ ಟರ್ಬೋ, ಒಂದೇ ಪೆಟ್ರೋಲ್ ಹಾಕಿದ್ರೆ ಆಗ ಹೋಲಿಸಬಹುದಾ?" ಎಂದ. ಚರಗಳ ನಿಯಂತ್ರಣವನ್ನು ನಾನು ಬಾಯಿಬಿಟ್ಟು ಕಲಿಸಿರಲಿಲ್ಲ.

ಲೆಕ್ಕಗಳಿಗೆ ಅವಧಿ ಸಾಲದೆ ಮೌಲ್ಯಮಾಪನವನ್ನು ಮನೆಗೆಲಸವಾಗಿ ಕೊಡಬೇಕಾಯಿತು. ಇದನ್ನು ಬಳಸುವ ಸಹಪ್ರಶಿಕ್ಷಣಾರ್ಥಿಗಳು ಎರಡು ಅವಧಿ ಇಟ್ಟುಕೊಳ್ಳುವುದು ಒಳ್ಳೆಯದು. ಗಾಳಿಯ ಲೆಕ್ಕ ಕಷ್ಟವೆನಿಸಿದರೆ ಬಿಡಬಹುದು. ಏಕಮಾನದ ಹೆಜ್ಜೆಯನ್ನೂ ಎರಡು ಅಂಕಣಗಳನ್ನೂ ಮಾತ್ರ ಬಿಡಬಾರದು. ನನ್ನ ಪಾಠಯೋಜನೆಯ ಆ ಹಳೆಯ ವಾಕ್ಯವನ್ನು ನಾನು ಅಳಿಸಿಲ್ಲ. ಮೇಲೊಂದು ಗೆರೆ ಎಳೆದು, ಪಕ್ಕದಲ್ಲಿ 'ಉಳಿದುದೆಲ್ಲ ಸಮವಿದ್ದರೆ?' ಎಂದು ಬರೆದಿಟ್ಟಿದ್ದೇನೆ.