ಕುಳಿತಲ್ಲೇ ಓಡುವ ಹೃದಯ

ಓಡಿ ಬಂದವನ ಎದೆ ಬಡಿದುಕೊಳ್ಳುವುದು ಸಹಜ. ಸಿಟ್ಟು ಬಂದವನಿಗೂ, ಬಹುಕಾಲದ ಮೇಲೆ ಆಪ್ತರ ಮುಖ ಕಂಡವನಿಗೂ ಹಾಗೆಯೇ ಆಗುತ್ತದೆ. ಕಾವ್ಯದಲ್ಲಿಯಂತೂ ಎದೆ ಬಡಿಯದ ನಾಯಿಕೆಯೇ ಇಲ್ಲ. ಆದರೆ ಸಂಜೆಯ ತಂಪಿನಲ್ಲಿ ಕಟ್ಟೆಯ ಮೇಲೆ ಸುಮ್ಮನೆ ಕುಳಿತವರ ಹೃದಯ ನಿಮಿಷಕ್ಕೆ 110 ಸಲ ಬಡಿಯತೊಡಗಿದರೆ ಅದಕ್ಕೆ ಏನೆನ್ನಬೇಕು? ಈ ಪ್ರಶ್ನೆ ಒಮ್ಮೆ ನನ್ನ ಮನೆಯ ಬಾಗಿಲಿಗೇ ಬಂದು ನಿಂತಿತು.

ನನ್ನ ತಮ್ಮನ ಸೊಸೆ ದೇವದುರ್ಗ ತಾಲ್ಲೂಕಿನ ಒಂದು ಶಾಲೆಯಲ್ಲಿ ಶಿಕ್ಷಕಿ. ಮೂವತ್ತರ ಪ್ರಾಯ. ರಾಯಚೂರಿನ ನಮ್ಮ ಮನೆಗೆ ಬಂದವಳು, "ನಾನು ಕುಂತೀನ್ರಿ ಮಾವಾರ, ಎದಿ ಒಂದ ಓಡ್ಲಿಕತ್ತದ" ಎಂದಳು. ಅಷ್ಟರಲ್ಲಾಗಲೇ ಆಕೆ ಎಂಟು ತಿಂಗಳು ಅಲೆದಿದ್ದಳು. ಹಿರಿಯರು ದೃಷ್ಟಿ ತೆಗೆದಿದ್ದರು. ಒಬ್ಬ ವೈದ್ಯರು ನಾಡಿಯನ್ನು ಎಣಿಸುವ ಮೊದಲೇ 'ಬರೀ ಅಂಜಿಕೆ' ಎಂದು ನಿದ್ರೆಯ ಗುಳಿಗೆ ಬರೆದಿದ್ದರು. ತನ್ನ ಮಾತನ್ನು ಯಾರೂ ನಂಬಲಿಲ್ಲವೆಂಬ ನೋವಿನಲ್ಲಿ ಕೆಲಸ ಬಿಡುವ ನಿಶ್ಚಯಕ್ಕೂ ಬಂದಿದ್ದಳು. ಅವಳ ನಿಮಿತ್ತವಾಗಿ ನಾನು ಕೇಳಿ, ಓದಿ ತಿಳಿದುಕೊಂಡ ನಾಲ್ಕು ಮಾತುಗಳನ್ನು ತಮ್ಮ ಮುಂದಿಡುತ್ತೇನೆ.

ಹೃದಯದ ಬಲ ಮೇಲ್ಕೋಣೆಯ ಗೋಡೆಯಲ್ಲಿ ಜೀವಕೋಶಗಳ ಒಂದು ಪುಟ್ಟ ಗುಂಪಿದೆ. 1907ರಲ್ಲಿ ಬ್ರಿಟನ್ನಿನ ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲ್ಯಾಕ್ ಇದನ್ನು ಗುರುತಿಸಿದರು. ಸೈನಸ್ ಗಂಟು ಎಂದು ಅದರ ಹೆಸರು. ಇಡೀ ಹೃದಯಕ್ಕೆ ತಾಳ ಹಾಕುವುದು ಇದೇ. ಮಾನ್ವಿಯ ಜಗನ್ನಾಥದಾಸರ ಸೀಮೆಯವರಾದ ನಮಗೆ ತಾಳದ ಮಹಿಮೆಯನ್ನು ಬೇರೆ ಹೇಳಬೇಕಾಗಿಲ್ಲ. ಭಜನೆಯಲ್ಲಿ ತಾಳ ಹಿಡಿದವನು ಅವಸರಪಟ್ಟರೆ ಹಾಡುವವರೆಲ್ಲರೂ ಅವಸರಪಡಲೇಬೇಕು. ಸೋಜಿಗವೆಂದರೆ, ನರಗಳ ಹಿಡಿತವಿಲ್ಲದೆ ಬಿಟ್ಟರೆ ಈ ಗಂಟು ತಾನಾಗಿ ನಿಮಿಷಕ್ಕೆ ಸುಮಾರು 100 ಸಲ ಮಿಡಿಯುತ್ತದೆ. ವೇಗಸ್ ಎಂಬ ನರವು ಕಡಿವಾಣ ಹಿಡಿದು ಅದನ್ನು 70ರ ಆಸುಪಾಸಿಗೆ ಇಳಿಸುತ್ತದೆ. ಸಿಂಪಥೆಟಿಕ್ ನರಗಳು ಚಾವಟಿ ಬೀಸಿ ಏರಿಸುತ್ತವೆ. ವಯಸ್ಕರಿಗೆ ವಿಶ್ರಾಂತಿಯಲ್ಲಿ 60ರಿಂದ 100 ಸಹಜವೆಂದು ಎಣಿಕೆ. ನಿಮಿಷಕ್ಕೆ 72ರಂತೆ ದಿನಕ್ಕೆ 1,03,680 ಬಡಿತಗಳಾದರೆ, 110ರಂತೆ 1,58,400 ಆಗುತ್ತವೆ. ಕುಳಿತವಳಿಗೆ ದಣಿವೇಕೆ ಎಂದು ಕೇಳುವವರು ಈ ಲೆಕ್ಕವನ್ನು ನೋಡಬೇಕು.

ವೇಗದ ನಾಡಿ ಸಾಮಾನ್ಯವಾಗಿ ದೇಹ ಕಳುಹಿಸಿದ ಓಲೆ; ಅದನ್ನು ಒಡೆದು ಓದುವುದು ಮೊದಲ ಕೆಲಸ. ಜ್ವರ, ಕ್ಷಯದಂಥ ಸೋಂಕು, ಗರ್ಭಧಾರಣೆ, ಅತಿಯಾದ ಚಹಾ, ತಂಬಾಕು, ಉಬ್ಬಸ ಮತ್ತು ನೆಗಡಿಯ ಕೆಲವು ಔಷಧಗಳು, ಇವೆಲ್ಲ ಕಾರಣಗಳಾಗಬಲ್ಲವು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ರಾಯಚೂರಿನ ಬಿಸಿಲಿನಲ್ಲಿ ಬೆವರಿ ನೀರು ಕುಡಿಯದಿದ್ದರೆ ರಕ್ತದ ಪ್ರಮಾಣ ಕುಗ್ಗಿ ಹೃದಯ ಓಡತೊಡಗುತ್ತದೆ. ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡಿದರೆ ನಿದ್ರೆಯಲ್ಲಿಯೂ ನಾಡಿ ಇಳಿಯುವುದಿಲ್ಲ. ಗುಂಡಿ ಒತ್ತಿದಂತೆ ಥಟ್ಟನೆ ಆರಂಭವಾಗಿ ಥಟ್ಟನೆ ನಿಂತುಹೋಗುವ ಬಡಿತವಾದರೆ ಹೃದಯದ ವಿದ್ಯುತ್ ಹಾದಿಯಲ್ಲಿಯೇ ದೋಷವಿರಬಹುದು.

ಆಸ್ಪತ್ರೆಯ ಬೆಂಚಿನ ಮೇಲೆ ನಮ್ಮ ಪಕ್ಕದಲ್ಲಿ ಮಾನ್ವಿಯ ಕಡೆಯಿಂದ ಬಂದ, ಗದ್ದೆಗೆ ಕೂಲಿಗೆ ಹೋಗುವ ತಾಯಿಯೊಬ್ಬಳು ಕುಳಿತಿದ್ದಳು. ಅವಳದೂ ಇದೇ ದೂರು, ಇದೇ ವೇಗ. ರಕ್ತಪರೀಕ್ಷೆಯಲ್ಲಿ ತೀವ್ರ ರಕ್ತಹೀನತೆ ಕಂಡಿತು. ಆಮ್ಲಜನಕ ಹೊರುವ ಬಂಡಿಗಳು ಕಡಿಮೆಯಾದಾಗ ಇದ್ದ ಬಂಡಿಗಳೇ ಹೆಚ್ಚು ಸಲ ತಿರುಗಬೇಕಲ್ಲವೆ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ ಸುಮಾರು 48 ಮಂದಿ ರಕ್ತಹೀನರು. ಅಂಥವರಿಗೆ ಬೇಕಾದದ್ದು ಕಬ್ಬಿಣಾಂಶದ ಚಿಕಿತ್ಸೆ ಮತ್ತು ರಕ್ತ ಕಡಿಮೆಯಾದ ಕಾರಣದ ಶೋಧನೆ. ಬಡಿತವನ್ನಷ್ಟೇ ತಗ್ಗಿಸುವ ಗುಳಿಗೆ ಕೊಟ್ಟರೆ ಓಲೆ ತಂದವನ ಬಾಯಿ ಕಟ್ಟಿದಂತಾಗುತ್ತದೆ.

ನಮ್ಮ ಹುಡುಗಿಯ ಪರೀಕ್ಷೆಗಳೆಲ್ಲ ನೆಟ್ಟಗಿದ್ದವು. ರಕ್ತ ಸರಿ, ಥೈರಾಯ್ಡ್ ಸರಿ, ಇ.ಸಿ.ಜಿ.ಯಲ್ಲಿ ವೇಗವೊಂದನ್ನು ಬಿಟ್ಟರೆ ದೋಷವಿಲ್ಲ, ಎಕೋ ಪರೀಕ್ಷೆಯಲ್ಲಿ ಹೃದಯದ ರಚನೆಯೂ ಸರಿ. ಆದರೆ ಹೋಲ್ಟರ್ ಎಂಬ ಪುಟ್ಟ ಯಂತ್ರವನ್ನು ಮೈಗೆ ಕಟ್ಟಿ ಇಡೀ ದಿನದ ಬಡಿತವನ್ನು ದಾಖಲಿಸಿದಾಗ 24 ಗಂಟೆಗಳ ಸರಾಸರಿ 90ನ್ನು ಮೀರಿತ್ತು. ಬೇರೆಲ್ಲ ಕಾರಣಗಳನ್ನೂ ತಳ್ಳಿಹಾಕಿದ ಮೇಲೆ ಉಳಿಯುವ ಈ ಸ್ಥಿತಿಗೆ 'ಇನಪ್ರೋಪ್ರಿಯೇಟ್ ಸೈನಸ್ ಟ್ಯಾಕಿಕಾರ್ಡಿಯಾ', ಎಂದರೆ ಸಂದರ್ಭಕ್ಕೆ ತಕ್ಕುದಲ್ಲದ ವೇಗಮಿಡಿತ, ಎಂದು ಹೆಸರು. ಹೆಚ್ಚಾಗಿ ಕಾಣುವುದು ತರುಣಿಯರಲ್ಲಿ. ಇದರ ಸೋದರಿಯಂಥ ಇನ್ನೊಂದು ಸ್ಥಿತಿ 'ಪಾಟ್ಸ್'; ಅದರಲ್ಲಿ ಎದ್ದುನಿಂತ 10 ನಿಮಿಷಗಳೊಳಗೆ ರಕ್ತದೊತ್ತಡ ಕುಸಿಯದೆಯೇ ನಾಡಿ 30 ಅಥವಾ ಅದಕ್ಕೂ ಹೆಚ್ಚು ಏರುತ್ತದೆ. 2020ರಿಂದೀಚೆಗೆ ಕೋವಿಡ್ ಬಂದುಹೋದ ಹಲವರಲ್ಲಿ ಇಂಥವು ಕಂಡುಬಂದಿವೆ.

ಈ ಬಗೆಯ ದೂರು ಹೊಸದೇನಲ್ಲ. ಅಮೆರಿಕದ ಅಂತರ್ಯುದ್ಧದ ಸೈನಿಕರಲ್ಲಿ ಇಂಥ ಲಕ್ಷಣಗಳನ್ನು ಕಂಡ ಡಾ ಕೋಸ್ಟ ಎಂಬ ವೈದ್ಯನು 1871ರಲ್ಲಿಯೇ ವಿವರವಾಗಿ ಬರೆದಿದ್ದನು. ಮೊದಲನೆಯ ಮಹಾಯುದ್ಧದಲ್ಲಿ ಅದನ್ನು 'ಸೈನಿಕನ ಹೃದಯ' ಎಂದರು. ಯೋಧನಿಗೆ ಬಂದಾಗ ಹೆಸರು ಪಡೆದ ಬಾಧೆ, ಶಿಕ್ಷಕಿಗೆ ಬಂದಾಗ ಬರೀ ಅಂಜಿಕೆಯಾಯಿತು! ಅಂಜಿಕೆಯಿಂದಲೂ ಎದೆ ಬಡಿಯುವುದು ನಿಜ; ಆ ತೀರ್ಮಾನ ಪರೀಕ್ಷೆಯ ನಂತರ ಬರಬೇಕು.

ಚಿಕಿತ್ಸೆ ಸರಳವಾದುದರಿಂದ ಆರಂಭವಾಗುತ್ತದೆ: ಸಾಕಷ್ಟು ನೀರು, ಚಹಾ ಕಾಫಿಗಳ ಮಿತಿ, ಒಳ್ಳೆಯ ನಿದ್ರೆ, ನಿಧಾನವಾಗಿ ಹೆಚ್ಚಿಸುವ ವ್ಯಾಯಾಮ. ಪಾಟ್ಸ್ ಇದ್ದವರಿಗೆ ಉಪ್ಪು ಹೆಚ್ಚಿಸಲು ಹೇಳುವುದುಂಟು. ಆದರೆ ರಕ್ತದೊತ್ತಡವುಳ್ಳವರು ತಾವಾಗಿ ಹಾಗೆ ಮಾಡಬಾರದು. ಇವು ಸಾಲದಾದಾಗ ಬೀಟಾ ಬ್ಲಾಕರ್ ಅಥವಾ ಐವಾಬ್ರಡಿನ್ ಔಷಧಿಗಳುಂಟು. ಎರಡನೆಯದು ಸೈನಸ್ ಗಂಟಿನ ಮೇಲೆಯೇ ಕೆಲಸ ಮಾಡುತ್ತದೆ, ಗರ್ಭಿಣಿಯರಿಗೆ ಸಲ್ಲದು. ಮೊದಲನೆಯದು ಉಬ್ಬಸದವರಿಗೆ ತೊಂದರೆ ಕೊಡಬಹುದು. ಆದ್ದರಿಂದ ವೈದ್ಯರ ಕೈಯಿಂದಲ್ಲದೆ ಇವುಗಳನ್ನು ನುಂಗಬಾರದು. ಎದೆನೋವು, ಮೂರ್ಛೆ, ಉಸಿರು ಕಟ್ಟುವಿಕೆ ಜೊತೆಗೂಡಿದರೆ ತಡಮಾಡದೆ ಆಸ್ಪತ್ರೆ ಸೇರಬೇಕು.

ಮನೆಯವರು ಮಾಡಬಹುದಾದ ಕೆಲಸವೊಂದಿದೆ. ಮಣಿಕಟ್ಟಿನಲ್ಲಿ, ಹೆಬ್ಬೆರಳ ಬುಡದ ಬಳಿ ಎರಡು ಬೆರಳಿಟ್ಟು ಪೂರ್ತಿ ಒಂದು ನಿಮಿಷ ಎಣಿಸಿ. ಬೆಳಿಗ್ಗೆ ಎದ್ದೊಡನೆ ಒಮ್ಮೆ, ಐದು ನಿಮಿಷ ಕುಳಿತ ಮೇಲೆ ಒಮ್ಮೆ, ನಿಂತ ಮೇಲೆ ಒಮ್ಮೆ, ವೇಳೆಯೊಡನೆ ಬರೆದಿಡಿ. ನಮ್ಮ ಶಿಕ್ಷಕಿ ಮಕ್ಕಳ ಹಾಜರಿ ಬರೆಯುವಷ್ಟೇ ಶ್ರದ್ಧೆಯಿಂದ ಹೀಗೆ ಬರೆದ ಎರಡು ವಾರದ ಪುಸ್ತಕವೇ ರಾಯಚೂರಿನ ವೈದ್ಯರ ಕಣ್ಣು ತೆರೆಸಿತು.

ಈಗ ಆಕೆಯ ನಾಡಿ 80ರ ಆಸುಪಾಸಿನಲ್ಲಿದೆ. ಒಮ್ಮೊಮ್ಮೆ ಓಡುತ್ತದೆ, ಮತ್ತೆ ತಗ್ಗುತ್ತದೆ. ಪೂರ್ಣ ಗುಣವಾಯಿತೆಂದು ಹೇಳಲಾರೆ. ಆದರೆ ಅವಳು ಶಾಲೆ ಬಿಡಲಿಲ್ಲ. ಆ ದಿನ ವೈದ್ಯರು, "ನಿನ್ನ ಮಾತು ನಿಜ, ತಾಯಿ" ಎಂದಾಗ ಅವಳ ಕಣ್ಣು ತುಂಬಿದ್ದನ್ನು ನಾನು ಕಂಡಿದ್ದೇನೆ. ಎದೆ ಓಡುತ್ತಿದೆ ಎಂದು ನಿಮ್ಮ ಮನೆಯಲ್ಲಿ ಯಾರಾದರೂ ಹೇಳಿದರೆ, ಮೊದಲು ಅವರ ಕೈ ಹಿಡಿದು ಎಣಿಸಿರಿ ಎಂದು ಬಿನ್ನವಿಸಿ ನನ್ನ ಮಾತನ್ನು ಮುಗಿಸುತ್ತೇನೆ.